ಔರಾದ ಬಸ್ಸಿನ ಪುಟ

ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ಜೋಳದ ಹಿಟ್ಟು ಕಾಣಿಸಿದ ದಿನ, ಬೀದರಿನ ನೌಬಾದ್ ಬಡಾವಣೆಯ ಆ ಮನೆಯಲ್ಲಿ ಬೆಳಗಿನ ಚಹಾ ಆರಿಹೋಗುವ ತನಕ ಜಗಳವಾಯಿತು.

"ವೈನಿ, ಹಿಟ್ಟಿನ ಕೈಲೆ ಮುಟ್ಟಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಬೇಕ್ರಿ?" ನಾದಿನಿ ವಿಶಾಖಾ ಲ್ಯಾಪ್‌ಟಾಪನ್ನು ಬೋರಲು ಹಿಡಿದು ಕೊಡವುತ್ತಿದ್ದಳು. "ಇದು ನನ್ನ ಕಾಲೇಜಿಗಿ ತಂದದ್ದು. ರೊಟ್ಟಿ ಬಡಿಯೋ ಕಲ್ಲಲ್ಲ."

"ಒಂದು ಸಾಲು ತಲ್ಯಾಗ ಬಂತು, ಮರೆತೇನು ಅಂತ ಓಡಿಬಂದು ಬರದೆ," ಎಂದಳು ವೃಂದಾ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ. "ಇಡು ಅಲ್ಲಿ. ಬ್ರಶ್ ಹಚ್ಚಿ ಸಾಫ್ ಮಾಡಿ ಕೊಡ್ತೇನಿ."

ಪುಂಡಿಪಲ್ಯದ ಎಲೆ ಬಿಡಿಸುತ್ತಿದ್ದ ಅತ್ತೆ ಕಾವೇರಿಬಾಯಿ ತಲೆ ಎತ್ತಲಿಲ್ಲ. "ಒಂದು ಕೈ ರೊಟ್ಟಿ ಮ್ಯಾಲ, ಒಂದು ಕೈ ಅದರ ಮ್ಯಾಲ. ಓದೋಳಿಗಿ ತಂದದ್ದು ಓದೋಳು ಹಿಡೀಲಿ. ನಿಂಗ್ಯಾಕ ಬೇಕು ವೃಂದಾ?"

"ನಾನೂ ಓದ್ಲಕತ್ತೀನ್ರಿ ಅತ್ತಿ."

"ಯಾವ ಪರೀಕ್ಷಾಕ?"

ವೃಂದಾ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಪರೀಕ್ಷೆಯೇ ಇಲ್ಲದ ಓದು ಅದು.

ಅವಳು ಭಾಲ್ಕಿಯ ಹುಡುಗಿ. ಬಿ.ಎಸ್ಸಿ. ಮುಗಿಸಿ ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಎರಡು ವರ್ಷ ಲೆಕ್ಕ ಕಲಿಸಿದ್ದಳು. ಮದುವೆಯಾಗಿ ಬೀದರಿಗೆ ಬಂದು ನಾಲ್ಕು ವರ್ಷವಾಗಿತ್ತು. ಗಂಡ ಆಶೀಷ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಿಗ್ಗೆ ಆರೂವರೆಗೆ ಡಬ್ಬಿ ಹಿಡಿದು ಹೊರಟರೆ ಸಂಜೆಗೇ ಮನೆ. ಕಳೆದ ದೀಪಾವಳಿಯ ಹೊತ್ತಿಗೆ, ಬಿ.ಸಿ.ಎ. ಎರಡನೇ ವರ್ಷದ ವಿಶಾಖಾ ಕಾಲೇಜಿನಲ್ಲಿ ಕೊಟ್ಟ ವೆಬ್ ಪುಟದ ಕೆಲಸ ಬರದೆ ಅಳುತ್ತ ಕೂತಿದ್ದಳು. ವೃಂದಾ ಪಕ್ಕದಲ್ಲಿ ಕೂತು, ಏನಿದು ಎಂದು ಇಣುಕಿದಳು. ವಿಶಾಖಾ ಆ ಕೆಲಸವನ್ನು ಗೆಳತಿಯಿಂದ ನಕಲು ಮಾಡಿ ಒಪ್ಪಿಸಿ ಮರೆತಳು. ಇಣುಕಿದವಳು ಮಾತ್ರ ಮರೆಯಲಿಲ್ಲ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅತ್ತೆ ಮಲಗುತ್ತಿದ್ದರು. ವಿಶಾಖಾಗೆ ಬೆಳಗಿನ ಕಾಲೇಜು. ಊಟ ಮಾಡಿ ಅವಳೂ ಮಲಗುತ್ತಿದ್ದಳು. ಆ ಎರಡು ತಾಸು ವೃಂದಾಳದ್ದು. ಕಲಿಯಲು ಬೇಕಾದದ್ದೆಲ್ಲ ನೆಟ್ಟಿನಲ್ಲಿ ಪುಕ್ಕಟೆ ಬಿದ್ದಿದೆ ಎಂಬುದೇ ಅವಳಿಗೆ ಮೊದಲ ಆಶ್ಚರ್ಯ. ಯಾರೋ ಪುಣ್ಯಾತ್ಮರು ಒಂದೊಂದು ಪಾಠವಾಗಿ ಬರೆದಿಟ್ಟಿದ್ದರು. ಓದಿದ ಕೂಡಲೇ ಅಲ್ಲೇ ಬರೆದು ನೋಡಬಹುದು. ತಪ್ಪಿದರೆ ಎಲ್ಲಿ ತಪ್ಪಿತೆಂದು ಅದೇ ಹೇಳುತ್ತದೆ. ಎಲ್ಲ ಇಂಗ್ಲಿಷಿನಲ್ಲಿ. ಒಂದು ಪುಟ ಓದಲು ಮೊದಮೊದಲು ಇಡೀ ಮಧ್ಯಾಹ್ನ ಹಿಡಿಯುತ್ತಿತ್ತು. ತಿಳಿದದ್ದನ್ನು ತನ್ನ ಮಾತಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಯಾವ ವೆಬ್ ಪುಟವನ್ನಾದರೂ ಒಳಗಿನಿಂದ ಬಿಚ್ಚಿ ತೋರಿಸುವ ಸಲಕರಣೆ ಬ್ರೌಸರಿನಲ್ಲೇ ಇದೆ ಎಂದು ಗೊತ್ತಾದ ದಿನವಂತೂ, ಆಶೀಷ ಮನೆಗೆ ಬಂದೊಡನೆ ಶೂ ಬಿಚ್ಚುವುದಕ್ಕೂ ಬಿಡದೆ ತೋರಿಸಿದ್ದಳು.

"ನೋಡ್ರಿ, ಬಸ್ಸಿನ ಬಾನೆಟ್ ಎತ್ತಿದಂಗ. ಯಾವ ತಂತಿ ಎಲ್ಲಿ ಹೋಗ್ಯದ, ಎಲ್ಲಾ ಕಾಣಸ್ತದ."

"ಕಾಣಿಸಿದ್ರ ಏನ್ ಮಾಡ್ತಿ?"

"ರಿಪೇರಿ ಮಾಡ್ತೇನಿ."

ಆಶೀಷ ನಕ್ಕು, "ಮೊದಲು ಊಟಕ್ಕ ಹಾಕು," ಎಂದ.

ಬಸ್ಸಿನ ಮಾತು ಆ ಮನೆಯಲ್ಲಿ ಸಹಜವಾಗಿಯೇ ಬರುತ್ತಿತ್ತು. ಮಾವ ಬಸವರಾಜ ಔರಾದ ಬಸ್ ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷ ಕಂಟ್ರೋಲರ್ ಆಗಿದ್ದು ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ರೈಲಿಲ್ಲದ ಊರು ಔರಾದ. ಆಸ್ಪತ್ರೆಗೆ, ಕಾಲೇಜಿಗೆ, ಕೋರ್ಟಿಗೆ, ಎಲ್ಲದಕ್ಕೂ ಬಸ್ಸೇ. ಸುತ್ತಲಿನ ಹಳ್ಳಿಯವರಲ್ಲಿ ಬಸವರಾಜರ ನಂಬರ್ ಇಲ್ಲದ ಫೋನ್ ಕಡಿಮೆ. ನಿವೃತ್ತಿಯ ಸುದ್ದಿ ಅವರಿಗೆ ಮುಟ್ಟಿರಲಿಲ್ಲ, ಮುಟ್ಟಿದ್ದರೂ ಲೆಕ್ಕಕ್ಕಿರಲಿಲ್ಲ. ಊಟಕ್ಕೆ ಕೂತರೆ ಫೋನು, ಸ್ನಾನಕ್ಕೆ ಹೋದರೆ ಫೋನು.

"ಹಾಂ, ಹೇಳಪಾ... ಉದಗೀರದ್ದೇನು? ಎರಡಾ ಹತ್ತಕ್ಕ. ಎರಡಾ ಹತ್ತು ಅಂದ್ರ ಎರಡೂಕಾಲು ಹಿಡಿ. ಡ್ರೈವರ್ ಚಹಾ ಕುಡೀತಾನ."

ಒಂದು ದಿನ ಕಾವೇರಿಬಾಯಿ ತಟ್ಟೆಗೆ ಎರಡನೇ ರೊಟ್ಟಿ ಹಾಕಲು ಕೈ ಚಾಚಿ, ಹಾಗೇ ನಿಂತು, ಅದನ್ನು ಬುಟ್ಟಿಗೇ ವಾಪಸ್ ಇಟ್ಟರು.

"ರೊಟ್ಟಿ ಹಾಕು," ಎಂದರು ಬಸವರಾಜ, ಫೋನನ್ನು ಕಿವಿಯಿಂದ ತುಸು ಸರಿಸಿ.

"ಮೊದಲು ಔರಾದ ಬಸ್ ಬಿಡ್ರಿ, ಆಮ್ಯಾಲ ರೊಟ್ಟಿ. ರಿಟೈರ್ ಆದವರು ನೀವೋ ನಾನೋ ತಿಳೀವಲ್ದು. ಒಂದು ತುತ್ತು ಬಿಸೀದು ಉಂಡೀರೇನು ಈ ಎಂಟು ತಿಂಗಳದಾಗ?"

ವೃಂದಾ ಆಗ ಆ ಮಾತು ತೆಗೆದಳು. "ಮಾಮಾ, ಇವೆಲ್ಲಾ ಟೈಮು ಒಂದು ಪುಟದಾಗ ಹಾಕಿದ್ರ ಹ್ಯಾಂಗ್ರಿ? ಎಲ್ಲಾರ ಕೈಯಾಗೂ ಫೋನ್ ಅದ. ತಾವೇ ನೋಡ್ಕೋತಾರ. ದೊಡ್ಡ ಊರಿನ ಬಸ್ಸಿಂದು ಎಲ್ಲೆರ ಸಿಗ್ತದ, ನಮ್ಮ ಹಳ್ಳಿ ಬಸ್ಸಿಂದು ಯಾರು ಹಾಕ್ಯಾರ? ನಾ ಮಾಡ್ತೇನಿ."

ಬಸವರಾಜರ ಮುಖ ಗಂಭೀರವಾಯಿತು. "ಮಂದಿ ನನಗ ಫೋನ್ ಮಾಡೋದು ಟೈಮು ಗೊತ್ತಿಲ್ಲಂತ ಅಲ್ಲವ್ವ. ನಾ ಹೇಳಿದ್ರ ಅವರಿಗಿ ಧೈರ್ಯ." ಕೈ ತೊಳೆದುಕೊಂಡು ಎದ್ದರು. ಎರಡನೇ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು.

ಮಾವ ಕೊಡದಿದ್ದರೇನು, ಟೈಮು ನಿಲ್ದಾಣದ ಗೋಡೆಯ ಮೇಲೇ ಇದೆಯಲ್ಲ ಎಂದುಕೊಂಡಳು ವೃಂದಾ. ಏಪ್ರಿಲಿನಲ್ಲಿ ಔರಾದದ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆ ಅತ್ತೆಯ ಜೊತೆ ಹೋದಾಗ, ನಿಲ್ದಾಣದ ಬೋರ್ಡಿನ ಎದುರು ನಿಂತು ನಾಲ್ಕು ಫೋಟೋ ಹೊಡೆದಳು. ಕಾವೇರಿಬಾಯಿ ಉಡುಗೊರೆಯ ಕುಬಸದ ಗಂಟು ಹಿಡಿದು ಬಿಸಿಲಲ್ಲಿ ನಿಂತು, "ಮಂದಿ ಗುಡಿ ಮುಂದ ಫೋಟೋ ತಗೀತಾರ, ನೀ ನೋಡಿದ್ರ ಬೋರ್ಡಿನ ಮುಂದ," ಎಂದು ಗೊಣಗಿದರು.

ಹದಿನೈದು ಮಧ್ಯಾಹ್ನಗಳಲ್ಲಿ ಪುಟ ಸಿದ್ಧವಾಯಿತು. ಊರಿನ ಹೆಸರು ಒತ್ತಿದರೆ ಅಲ್ಲಿಂದ ಹೊರಡುವ ಬಸ್ಸುಗಳ ಪಟ್ಟಿ ಕನ್ನಡದಲ್ಲೂ ಮರಾಠಿಯಲ್ಲೂ ಬರುತ್ತಿತ್ತು. ಸಂಜೆಯ ಚಹಾದ ಜೊತೆ ಮಾವನ ಮುಂದೆ ಫೋನ್ ಹಿಡಿದಳು. ಬಸವರಾಜ ಕನ್ನಡಕ ಏರಿಸಿ, ಬೆರಳಿನಿಂದ ಮೇಲೆ ಸರಿಸುತ್ತ ಸರಿಸುತ್ತ ಕೊನೆಗೆ ಗಟ್ಟಿಯಾಗಿ ನಕ್ಕುಬಿಟ್ಟರು.

"ಪೂರಾ ಗಲತ್ ಅದ."

"ಬೋರ್ಡ್ ಮ್ಯಾಲ ಇದ್ದದ್ದೇ ಹಾಕೀನ್ರಿ."

"ಬೋರ್ಡ್ ಬರೆಸಿ ಆರು ವರ್ಷ ಆತು. ಬರೆಸಿದವ ನಾನೇ. ಇದು ನೋಡು, ಒಂಬತ್ತರ ಬಸ್ಸು. ಇದು ಬಂದಾಗಿ ಎರಡು ವರ್ಷ. ಈ ಎಂಟಾ ಹದಿನೈದರದ್ದು ಎಂಟಾ ನಲ್ವತ್ತಕ್ಕ ಹೊಂಡ್ತದ. ಸೋಮವಾರ ಸಂತಪುರದ ಸಂತಿ, ಅವತ್ತು ಇನ್ನೂ ತಡ."

"ಹಂಗಾದ್ರ ಖರೇ ಟೈಮು ಹೇಳ್ರಿ. ಬರಕೋತೇನಿ."

ಬಸವರಾಜ ಒಂದು ಗುಟುಕು ಚಹಾ ಕುಡಿದರು. ತಪ್ಪು ಟೈಮನ್ನು ಕಣ್ಣೆದುರು ಇಟ್ಟುಕೊಂಡು ಸುಮ್ಮನಿರುವುದು ಆ ಮನುಷ್ಯನಿಂದ ಆಗುವ ಕೆಲಸವಾಗಿರಲಿಲ್ಲ. "ಬರಕೋ," ಎಂದರು.

ಒಂಬತ್ತು ಸಂಜೆ ಅವರು ಹೇಳಿದರು, ಅವಳು ಬರೆದುಕೊಂಡಳು. ಬೋರ್ಡಿನ ವೇಳೆ ಒಂದು ಸಾಲು, ಬಸ್ಸು ನಿಜಕ್ಕೂ ಹೊರಡುವ ವೇಳೆ ಇನ್ನೊಂದು ಸಾಲು. ಮಾವನ ಹಳೆಯ ಗೆಳೆಯ, ಡ್ರೈವರ್ ಅಯ್ಯುಬ ಒಂದು ದಿನ ಮನೆಗೆ ಬಂದವರು ಪುಟ ನೋಡಿ ಮೆಚ್ಚಿ, ಒಂದು ಕೊರತೆ ಹೇಳಿದರು. "ಬೇಟಿ, ಗಡಿ ಕಡಿ ಹಳ್ಯಾಗ ನೆಟ್‌ವರ್ಕ್ ಇರಾಂಗಿಲ್ಲ. ಬಸ್ಸಿನ ಜರೂರತ್ತು ಇರೋರೇ ಅಲ್ಲಿಯವರು."

ನೆಟ್‌ವರ್ಕ್ ಇಲ್ಲದಿದ್ದರೂ ಪುಟ ತೆರೆಯುವಂತೆ ಫೋನಿನಲ್ಲೇ ಒಂದು ಪ್ರತಿ ಉಳಿಸಿಡುವ ಉಪಾಯವನ್ನೂ ವೃಂದಾ ಕಲಿತಳು. ಬ್ರೌಸರಿನ ಸಲಕರಣೆಯಲ್ಲಿ ನೆಟ್ಟನ್ನು ಬೇಕೆಂದೇ ನಿಧಾನ ಮಾಡುವ, ಪೂರ್ತಿ ಕಡಿಯುವ ಗುಂಡಿಯೂ ಇತ್ತು. ಕಡಿದು ನೋಡಿದಳು, ತೆರೆಯಿತು. ಅತ್ತೆಯ ಹಳೆಯ ಫೋನಿನಲ್ಲಿ ನೋಡಿದಳು, ತೆರೆಯಿತು. ದಿನದಿನದ ಬದಲಾವಣೆಯನ್ನೆಲ್ಲ ತಾರೀಖಿನ ಸಮೇತ ದಾಖಲಿಸಿಡುವ ಇನ್ನೊಂದು ಪುಕ್ಕಟೆ ಸಲಕರಣೆಗೂ ಪುಟವನ್ನು ಒಪ್ಪಿಸಿಟ್ಟಳು.

"ಕೆಳಗ ಅಪ್ಪಾನ ಹೆಸರು, ನಂಬರ್ ಹಾಕು," ಎಂದ ಆಶೀಷ. "ನಿನ್ನ ಹೆಸರು ಯಾರಿಗಿ ಗೊತ್ತದ? ಅವರದ್ದಿದ್ರ ಮಂದಿ ನಂಬ್ತಾರ."

ಮಾತು ಸರಿ ಅನ್ನಿಸಿ ವೃಂದಾ ಹಾಗೇ ಮಾಡಿದಳು. ಮೇ ತಿಂಗಳ ಕೊನೆಯ ಹೊತ್ತಿಗೆ ಆ ಪುಟ ಒಬ್ಬರಿಂದೊಬ್ಬರಿಗೆ ದಾಟಿ ಔರಾದ ತಾಲೂಕಿನ ತುಂಬ ಹರಡಿತ್ತು. ಬಸವರಾಜರಿಗೆ ಬರುವ ಫೋನುಗಳು ಕಡಿಮೆಯಾದವು. ಫೋನ್ ಮಾಡಿದವರೂ, "ನಿಮ್ಮ ಪುಟ ಭಾಳ ಚಲೋ ಅದ್ರಿ ಸಾಹೇಬ್ರ," ಎಂದು ಹೇಳಲೆಂದೇ ಮಾಡುತ್ತಿದ್ದರು. ಅವರು ಅದನ್ನು ಊಟದ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕುತ್ತಿದ್ದರು.

ಜೂನಿನಲ್ಲಿ ಶಾಲೆ ಶುರುವಾದಾಗ, ಗಡಿಯ ಹಳ್ಳಿಯಿಂದ ಔರಾದ ಹಾದು ಬೀದರಿಗೆ ಬರುವ ಬೆಳಗಿನ ಬಸ್ಸನ್ನು ಏಳು ನಲ್ವತ್ತರಿಂದ ಏಳೂಕಾಲಿಗೆ ತಂದರು. ಅಯ್ಯುಬ ತಿಳಿಸಿದ ತಾಸಿನೊಳಗೆ ವೃಂದಾ ಪುಟವನ್ನು ತಿದ್ದಿದಳು. ತನ್ನ ಫೋನಿನಲ್ಲಿ ತೆರೆದು ನೋಡಿದಳು. ಏಳೂಕಾಲು ಎಂದೇ ಇತ್ತು.

ಅದಾಗಿ ಆರನೇ ದಿನ, ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ಬಸವರಾಜರ ಫೋನು ಬಡಿದುಕೊಂಡಿತು. ಅವರು ಅಭ್ಯಾಸದಂತೆ ಸ್ಪೀಕರಿಗೆ ಹಾಕಿದರು.

"ಸಾಹೇಬ್ರ, ನಾ ಬಕ್ಕಪ್ಪ. ಕುರಿ ಬಕ್ಕಪ್ಪ." ಮುದುಕನ ದನಿ ಒಡೆದಿತ್ತು. "ನಿಮ್ಮ ಪುಟ ನೋಡಿ ಮೊಮ್ಮಗಳಿಗಿ ಕರಕೊಂಡು ಏಳೂವರಿಗಿ ರೋಡಿಗಿ ಬಂದ್ವಿ. ಬಸ್ ಹೋಗಿಬಿಟ್ಟದ. ಅಕಿ ನರ್ಸಿಂಗ್ ಸೀಟಿಗಿ ಕಾಗದ ತೋರಿಸೋದಿತ್ತು ಹತ್ತಕ್ಕ, ಬೀದರದಾಗ. ಹನ್ನೆರಡಕ್ಕ ಮುಟ್ಟಿದ್ವಿ. ಆಗಲ್ಲ ಅಂದ್ರು. ಹುಡುಗಿ ಗೇಟಿನಾಗ ಅಳಕೋತ ಕುಂತಾಳ."

ವೃಂದಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು.

"ಪುಟದಾಗ ಏಳೂಕಾಲು ಅಂತ ಅದಲ್ರಿ," ಎಂದಳು ವೃಂದಾ ಫೋನಿನ ಕಡೆ ಬಾಗಿ.

ಆಚೆಯಿಂದ ಹುಡುಗಿಯ ದನಿ ಬಂತು. "ಇಲ್ರಿ ಅಕ್ಕ. ಏಳಾ ನಲ್ವತ್ತು ಅದ. ನಿನ್ನಿ ಸಂಜಿಗಿ ನೋಡೀನಿ, ಇವತ್ತು ಮುಂಜಾನಿ ನೋಡೀನಿ. ಈಗೂ ಅದೇ ಅದ."

ಫೋನು ಕಡಿದ ಮೇಲೆ ಬಸವರಾಜ ತಟ್ಟೆಯನ್ನು ದೂರ ಸರಿಸಿದರು. "ಹತ್ತೊಂಬತ್ತು ವರ್ಷ ಮೈಕಿನಾಗ ಟೈಮು ಹೇಳೀನಿ. ಒಬ್ಬರ ಬಸ್ ತಪ್ಪಿಸಿಲ್ಲ. ಈಗ ನನ್ನ ಹೆಸರಿಲೆ ತಪ್ಪಿತು. ತಗಿ ಅದನ್ನ. ಈಗಿಂದೀಗ ತಗಿ."

"ಮಾಮಾ, ಎಲ್ಲಿ ತಪ್ಯದ ಅಂತ ನೋಡ್ತೇನಿ."

"ನೋಡೋದೇನದ? ಬಾಯಿಲೆ ಹೇಳಿದ ಮಾತು ಬಾಯಾಗೇ ಇರಬೇಕಿತ್ತು."

ಡಬ್ಬಿ ಮರೆತು ಊಟಕ್ಕೆ ಬಂದಿದ್ದ ಆಶೀಷ ಸಮಾಧಾನದ ದನಿಯಲ್ಲಿ, "ನಾಕು ದಿನ ಬಂದ್ ಮಾಡು ವೃಂದಾ. ಮಂದಿ ಮರೀತಾರ," ಎಂದ.

"ಬಂದ್ ಮಾಡಿದ್ರ ಅವರ ಫೋನಿನಾಗಿಂದು ಬಂದ್ ಆಗಂಗಿಲ್ರಿ," ಎಂದಳು ವೃಂದಾ. "ಎಷ್ಟು ಫೋನಿನಾಗ ಹಳೇದು ಕುಂತದ ಯಾರಿಗಿ ಗೊತ್ತು? ನಾಳಿ ಮುಂಜಾನಿ ಇನ್ನೊಬ್ಬರ ಬಸ್ ತಪ್ಪತದ. ತೆಗೆದ್ರ ಮುಗಿಯಂಗಿಲ್ಲ. ಹುಡುಕಬೇಕು."

"ನಿನ್ನ ಹಟಕ್ಕ ಒಂದು ಹುಡುಗಿ ಸೀಟು ಹೋಗ್ಲಕತ್ತದ," ಎಂದರು ಕಾವೇರಿಬಾಯಿ.

"ಹೌದ್ರಿ ಅತ್ತಿ. ತಪ್ಪು ನಂದೇ. ಅದಕ್ಕೇ ನಾನೇ ಹುಡುಕಬೇಕು." ಕೈ ತೊಳೆದು ಬಂದು ಕೈ ಮುಂದೆ ಚಾಚಿದಳು. "ನಿಮ್ಮ ಫೋನ್ ಕೊಡ್ರಿ."

ಕಾವೇರಿಬಾಯಿಯ ಫೋನಿನಲ್ಲಿ ಪುಟ ತೆರೆದೇ ಇತ್ತು. ಅವರು ಏನನ್ನೂ ಮುಚ್ಚುವವರಲ್ಲ. ಅದರಲ್ಲಿ ಏಳು ನಲ್ವತ್ತು ಎಂದಿತ್ತು. ರಿಫ್ರೆಶ್ ಮಾಡಿದರೂ ಅದೇ. ಮನೆಯೊಳಗೇ ಆರು ದಿನದಿಂದ ತಪ್ಪು ಕೂತಿತ್ತು.

ಮೊದಲು ಆ ಪರದೆಯ ಫೋಟೋ ತೆಗೆದುಕೊಂಡಳು. ಆಮೇಲೆ ವಿಶಾಖಾಳ ಕೋಣೆಯ ಬಾಗಿಲು ತಟ್ಟಿದಳು. ಇಂಥ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಕೇಳುವುದಕ್ಕೆ ಅವಳಿಗೇ ನಾಚಿಕೆಯಿತ್ತು. ವಿಶಾಖಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸುಮ್ಮನೆ ಮಂಚದ ಮೇಲೆ ಜಾಗ ಮಾಡಿ, "ಕೇಬಲ್ ಬೇಕಾಗ್ತದಲ್ರಿ ವೈನಿ?" ಎಂದು ಡ್ರಾಯರ್ ಎಳೆದಳು.

ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ, ಫೋನಿನೊಳಗೆ ತೆರೆದ ಪುಟದ ಒಳಭಾಗ ಲ್ಯಾಪ್‌ಟಾಪಿನ ಪರದೆಯ ಮೇಲೆ ಕಾಣುತ್ತದೆ. ಅಲ್ಲಿ ಎರಡು ಸಾಲಿದ್ದವು. ಒಂದು ಹಳೆಯ ಪ್ರತಿ, ಪಕ್ಕದಲ್ಲಿ ಹಸಿರು ಚುಕ್ಕೆ: ನಡೆಯುತ್ತಿದೆ. ಅದರ ಕೆಳಗೆ ಹೊಸದು: ಕಾಯುತ್ತಿದೆ.

"ಹೊಸದು ಬಂದದಲ್ಲ!" ಎಂದಳು ವಿಶಾಖಾ. "ಮತ್ತ್ಯಾಕ ಕಾಯ್ಲಕತ್ತದ?"

ಅದಕ್ಕೆ ಉತ್ತರ ಹುಡುಕಲು ಸಂಜೆಯಾಯಿತು. ಪ್ರಶ್ನೆ ಕೇಳುವ ಜಾಲತಾಣವೊಂದರಲ್ಲಿ ಯಾರೋ ಹಿಂದೆ ಕೇಳಿದ್ದ ಇದೇ ಪ್ರಶ್ನೆ ಸಿಕ್ಕಿತು. ಅದರ ಕೆಳಗಿನ ಉತ್ತರಗಳು ಒಂದಕ್ಕೊಂದು ಜಗಳವಾಡುತ್ತಿದ್ದವು. ಬ್ರೌಸರ್ ಮಾಡಿದವರು ಬರೆದಿಟ್ಟ ಮೂಲ ವಿವರಣೆಗೇ ಹೋಗೋಣ ಎಂದಳು ವೃಂದಾ. ವಿಶಾಖಾ ಇಂಗ್ಲಿಷ್ ಓದಿ ಹೇಳುತ್ತಿದ್ದಳು, ವೃಂದಾ ಅರ್ಥ ಬಿಡಿಸುತ್ತಿದ್ದಳು. ಕಾಲೇಜಿನಲ್ಲಿ ಎರಡು ವರ್ಷ ಬಾಯಿಪಾಠ ಮಾಡಿದ ಶಬ್ದಗಳು ಏನು ಕೆಲಸ ಮಾಡುತ್ತವೆಂದು ತನಗೆ ಗೊತ್ತಾದದ್ದು ಅವತ್ತೇ ಎಂದು ವಿಶಾಖಾ ಆಮೇಲೆ ಒಪ್ಪಿಕೊಂಡಳು. ಅಷ್ಟು ಹೊತ್ತೂ ಅವರಿಬ್ಬರನ್ನು ಅಡುಗೆಗೆ ಯಾರೂ ಕರೆಯಲಿಲ್ಲ. ಒಳಗೆ ಕಾವೇರಿಬಾಯಿ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು, ಎಂದಿಗಿಂತ ಜೋರಾಗಿ.

ಕತ್ತಲಾಗುವ ಮೊದಲೇ ವೃಂದಾ ಎದ್ದು ಮಾವನ ಬಳಿ ಹೋದಳು. ಅವರು ಅಂಗಳದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು.

"ಸಿಕ್ತು ಮಾಮಾ. ಹೊಸ ಟೈಮು ಎಲ್ಲಾರ ಫೋನಿಗಿ ಬಂದದ. ಆದ್ರ ಹಳೇ ಪುಟ ತೆರೆದೇ ಇದ್ರ, ಹೊಸದು ಒಳಗ ಬರಂಗಿಲ್ಲ. ಹಳೇದು ಪೂರಾ ಮುಚ್ಚೋತನಕ ಹೊರಗ ನಿಂದರ್ತದ. ನಾ ನನ್ನ ಫೋನ್ ಮುಚ್ಚಿ ತೆರೀತೇನಿ, ಅದಕ ನನಗ ಕಾಣಿಸಿಲ್ಲ. ಮಂದಿ ಮುಚ್ಚಂಗಿಲ್ಲ."

ಬಸವರಾಜ ಕಟ್ಟಿದ ಕೈ ಬಿಟ್ಟರು. "ಡ್ಯೂಟಿಗಿ ಹೊಸ ಕಂಟ್ರೋಲರ್ ಬಂದಾನ," ಎಂದರು ನಿಧಾನವಾಗಿ. "ಹಳೇವ ಕುರ್ಚಿ ಬಿಟ್ಟಿಲ್ಲ."

"ಹೂಂ ರಿ. ಹಂಗೇ."

ಅವರು ಅವಳ ಮುಖ ನೋಡಿದರು. ವೃಂದಾ ಬೇರೆ ಅರ್ಥದಲ್ಲಿ ಹೇಳಿರಲಿಲ್ಲ. ಆದರೂ ಇಬ್ಬರಿಗೂ ಕೇಳಬೇಕಾದದ್ದು ಕೇಳಿಸಿತ್ತು.

"ಎಬ್ಬಸ್ಲಕ್ಕ ಬರ್ತದೇನು ಅವನಿಗಿ?" ಎಂದರು ಬಸವರಾಜ.

"ಒಂದು ಸಾಲು ಬರೆದ್ರ ಏಳ್ತಾನ್ರಿ."

"ಬರಿ ಮತ್ತ."

ಅವತ್ತೇ ಬರೆದಳು. ಹೊಸದು ಬಂದ ಕೂಡಲೇ ಒಳಗೆ ಬರುವಂತೆ ಮಾಡಿದಳು. ನೆಟ್ ಇದ್ದರೆ ಮೊದಲು ತಾಜಾ ಟೈಮನ್ನೇ ತರಬೇಕು; ಇಲ್ಲದಿದ್ದರೆ ಮಾತ್ರ ಉಳಿಸಿಟ್ಟದ್ದನ್ನು ತೋರಿಸಬೇಕು. ಪುಟದ ನೆತ್ತಿಯ ಮೇಲೆ, ಯಾವ ತಾರೀಖಿನ ಟೈಮು ಇದು ಎಂದು ದಪ್ಪಕ್ಷರದಲ್ಲಿ ಹಾಕಿದಳು. ವಾರಕ್ಕಿಂತ ಹಳೆಯದಾದರೆ ಕೆಂಪು ಪಟ್ಟಿ: "ಇದು ಹಳೆಯದು. ಫೋನ್ ಮಾಡಿ ಕೇಳಿ." ಆಮೇಲೆ ಪುಟದ ಕೆಳಗೆ ಹೋಗಿ, ತಯಾರಿಸಿದವರು: ವೃಂದಾ, ತಪ್ಪಿದ್ದರೆ ಹೇಳಿ, ಎಂದು ಬರೆದು ತನ್ನ ನಂಬರ್ ಹಾಕಿದಳು. ಮಾವನ ಹೆಸರಿನ ಮುಂದಿನ ನಂಬರ್ ತೆಗೆದು, ವೇಳೆಯ ಮಾಹಿತಿ ಬಸವರಾಜರದು, ಎಂದಷ್ಟೇ ಉಳಿಸಿದಳು.

"ಹೆಣ್ಮಗಳ ನಂಬರ್ ಊರಿಗೆಲ್ಲಾ ಯಾಕ?" ಎಂದ ಆಶೀಷ.

"ತಪ್ಪು ಮಾಡಿದಾಕಿ ಒಬ್ಬಾಕಿ, ಬೈಸ್ಕೊಳ್ಳೋರು ಇನ್ನೊಬ್ರಾ?" ಎಂದಳು. ಕಾವೇರಿಬಾಯಿ ಬಿಸಿ ರೊಟ್ಟಿಯ ತಟ್ಟೆಯನ್ನು ತಂದು, ಮೊದಲು ಸೊಸೆಯ ಮುಂದೆ ಇಟ್ಟರು.

ಬುಧವಾರ ಬೆಳಿಗ್ಗೆ ಬಸವರಾಜ ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ಮಾವ ಸೊಸೆ ಇಬ್ಬರೂ ಔರಾದದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬಕ್ಕಪ್ಪನ ಹಳ್ಳಿಗೆ ಹೋದರು. ಕುರಿದೊಡ್ಡಿಯ ಪಕ್ಕದ ಎರಡು ಕೋಣೆಯ ಮನೆ. ಬಕ್ಕಪ್ಪ ಕಂಬಳಿ ಹಾಸಿದ. ಮೊಮ್ಮಗಳು ಕಾಜಲ ನೀರು ತಂದಿಟ್ಟು, ಗೋಡೆಗೆ ಒರಗಿ ನಿಂತಳು. ಕಣ್ಣು ಊದಿಕೊಂಡಿದ್ದವು.

"ಪುಟ ಮಾಡಿದಾಕಿ ನಾನು," ಎಂದಳು ವೃಂದಾ. "ತಪ್ಪು ಮಾಮಾರದಲ್ಲ, ನಂದು."

ಕಾಜಲ ಸಿಟ್ಟಿನಿಂದಲೇ ನೋಡಿದಳು. "ಈಗ ಹೇಳಿದ್ರ ನನ್ನ ಸೀಟು ಬರ್ತದೇನ್ರಿ?"

"ಗೊತ್ತಿಲ್ಲ. ಅಲ್ಲಿ ಏನಂದ್ರು ಖರೇ ಖರೇ ಹೇಳು."

"ಶುಕ್ರವಾರ ಆಖರಿ ದಿನ ಅಂತ. ಬರದೆ ಇದ್ದದ್ದಕ್ಕ ಗಟ್ಟಿ ಕಾರಣ ಇದ್ರ ಬರೆದು ಕೊಡ್ರಿ, ನೋಡೋಣು ಅಂದ್ರು. ಬಸ್ ತಪ್ಪಿದ್ದು ಕಾರಣ ಅಲ್ಲ ಅಂತ."

"ಶುಕ್ರವಾರ ಬಾ. ನಾ ಜತಿಗಿ ಬರ್ತೇನಿ."

ಬಕ್ಕಪ್ಪ ಬಸವರಾಜರ ಕಡೆ ನೋಡಿದ. ಬಸವರಾಜ, "ಏಳೂಕಾಲಿನ ಬಸ್ಸು, ಬಕ್ಕಪ್ಪ. ಈ ಸಲ ನನ್ನ ಬಾಯಿಲೆ ಹೇಳ್ಲಕತ್ತೀನಿ," ಎಂದರು. ಮುದುಕ ಮೊದಲ ಸಲ ಸ್ವಲ್ಪ ನಕ್ಕ.

ಶುಕ್ರವಾರ ಬೀದರಿನ ಆ ಕಚೇರಿಯ ವರಾಂಡದಲ್ಲಿ ವೃಂದಾ ಮೂರು ಕಾಗದ ಹಿಡಿದು ನಿಂತಿದ್ದಳು. ಒಂದರಲ್ಲಿ ಅತ್ತೆಯ ಫೋನಿನ ಪರದೆಯ ಚಿತ್ರ, ಹಳೆಯ ಟೈಮು, ಮಂಗಳವಾರದ ತಾರೀಖು. ಇನ್ನೊಂದರಲ್ಲಿ ಬದಲಾವಣೆಗಳನ್ನು ದಾಖಲಿಸಿಡುವ ಸಲಕರಣೆಯಿಂದ ತೆಗೆದ ಪಟ್ಟಿ: ಯಾವ ದಿನ, ಎಷ್ಟು ಗಂಟೆಗೆ, ಯಾವ ಸಾಲು ಬದಲಾಯಿತು, ದೋಷವನ್ನು ಯಾವಾಗ ತಿದ್ದಲಾಯಿತು. ಮೂರನೆಯದು ಅವಳದೇ ಅಕ್ಷರದ ಪತ್ರ.

ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿದರು. "ಬಸ್ ತಪ್ಪಿತು ಅಂತ ದಿನಾ ಹತ್ತು ಮಂದಿ ಬರ್ತಾರಮ್ಮ. ನೀವ್ಯಾರು, ಹುಡುಗಿ ಅಕ್ಕನಾ?"

"ಅಲ್ರಿ. ಅಕಿಗಿ ತಪ್ಪು ಟೈಮು ತೋರಿಸಿದ ಪುಟ ಮಾಡಿದಾಕಿ. ತಪ್ಪು ಎಲ್ಲಾಗ್ಯದ, ಎಂದಾಗ್ಯದ, ಎಲ್ಲಾ ಇದರಾಗ ಅದ. ಸಹಿ ಮಾಡಿ ಕೊಟ್ಟೀನಿ."

"ತಪ್ಪು ನಂದು ಅಂತ ಬರೆದು ಸಹಿ ಮಾಡಿ ತಂದವರಿಗಿ ನಾ ಇಲ್ಲಿ ಇವತ್ತೇ ನೋಡಿದ್ದು," ಎಂದರು ಅವರು. ಎರಡನೇ ಕಾಗದವನ್ನು ಬಹಳ ಹೊತ್ತು ಓದಿದರು. ಒಂದೆರಡು ಪ್ರಶ್ನೆ ಕೇಳಿದರು. ಆಮೇಲೆ ಮೂರನ್ನೂ ಪಿನ್ನು ಮಾಡಿ, ಕಾಜಲಳ ಹೆಸರನ್ನು ಅವತ್ತಿನ ಪಟ್ಟಿಯ ಕೊನೆಗೆ ಬರೆದರು.

ನಾಲ್ಕೂವರೆಗೆ ಕರೆ ಬಂತು. ಬೀದರಿನ ಸೀಟುಗಳು ಮಂಗಳವಾರವೇ ಮುಗಿದಿದ್ದವು. ಭಾಲ್ಕಿಯಲ್ಲಿ ಒಂದು ಉಳಿದಿತ್ತು. ಕಾಜಲ ಅದನ್ನು ತೆಗೆದುಕೊಂಡು ಹೊರಗೆ ಬಂದಳು; ಕೈಯಲ್ಲಿ ಚೀಟಿ, ಮುಖದಲ್ಲಿ ನಗು ಅರ್ಧ, ಅಳು ಅರ್ಧ. "ಬೀದರದಾಗ ನಮ್ಮ ಅತ್ತಿ ಮನಿ ಇತ್ತು. ಭಾಲ್ಕಿದಾಗ ಯಾರಿದ್ದಾರ?" ಎಂದಳು.

ವೃಂದಾ ಫೋನ್ ತೆಗೆದು ಭಾಲ್ಕಿಯ ತವರುಮನೆಗೆ ಹಚ್ಚಿದಳು. "ಅವ್ವಾ, ನನ್ನ ಖೋಲಿ ಖಾಲಿ ಅದಲ್ಲ? ಒಂದು ಹುಡುಗಿ ಬರ್ತಾಳ. ಹೂಂ, ಮೂರು ವರ್ಷಕ್ಕ. ಊಟಕ್ಕ ಖಾರ ಜಾಸ್ತಿ ಹಾಕಬ್ಯಾಡ, ಕೇಳಿ ಹಾಕು."

ಜುಲೈಯ ಎರಡನೇ ಭಾನುವಾರ ಕಾಜಲಳ ಟ್ರಂಕು ಮುಟ್ಟಿಸಲು ವೃಂದಾ ಭಾಲ್ಕಿಗೆ ಹೋದಾಗ, ತಾನು ಮೊದಲು ಕಲಿಸುತ್ತಿದ್ದ ಶಾಲೆಯ ಹೆಡ್‌ಮಾಸ್ತರು ದಾರಿಯಲ್ಲಿ ಸಿಕ್ಕರು. ಬಸ್ಸಿನ ಪುಟದ ಸುದ್ದಿ ಅವರಿಗೂ ಮುಟ್ಟಿತ್ತು, ತಪ್ಪಿನ ಸಮೇತ. ಶಾಲೆಯಲ್ಲಿ ಮೂರು ಕಂಪ್ಯೂಟರು ಧೂಳು ತಿನ್ನುತ್ತಿವೆ, ಭಾನುವಾರ ಬಂದು ಹೆಣ್ಣುಮಕ್ಕಳಿಗೆ ಕಲಿಸುವೆಯಾ ಎಂದು ಕೇಳಿದರು. ಸಂಬಳದ ಮಾತು ಈಗ ಬೇಡ, ಮೊದಲು ನಾಲ್ಕು ವಾರ ನಡೆಯಲಿ ಎಂದಳು ವೃಂದಾ.

ಮನೆಯಲ್ಲಿ ಹೇಳಿದಾಗ ಕಾವೇರಿಬಾಯಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. "ಐತವಾರ ಮುಂಜಾನಿಂದ ಸಂಜಿತನಕ?"

"ಹೌದ್ರಿ ಅತ್ತಿ."

"ಹಂಗಾದ್ರ ಐತವಾರದ ಅಡುಗಿ ಆಶೀಷಂದು. ನಾ ಒಬ್ಬಾಕಿ ಮಾಡಾಂಗಿಲ್ಲ."

"ನನಗ ರೊಟ್ಟಿ ಬರಾಂಗಿಲ್ಲ ಅವ್ವ," ಎಂದ ಆಶೀಷ.

"ರಕ್ತ ತಗಿಯೋದೂ ಹುಟ್ಟಿದಾಗ ಬರ್ತಿದ್ದಿಲ್ಲ. ಕಲಿ. ಬರೋತನಕ ಚಪಾತಿ ಮಾಡು."

ಬಸವರಾಜ ಪೇಪರಿನ ಹಿಂದಿನಿಂದ, "ನಾ ಉಳ್ಳಾಗಡ್ಡಿ ಹೆಚ್ತೇನಿ," ಎಂದರು. ಕಾವೇರಿಬಾಯಿ ಗಂಡನನ್ನು ನೋಡಿ, ಮತ್ತೆ ಅಕ್ಕಿಯ ಮೊರ ಎತ್ತಿಕೊಂಡರು.

ಮುಂದಿನ ಭಾನುವಾರ ವೃಂದಾ, ವಿಶಾಖಾ ಇಬ್ಬರೂ ಲ್ಯಾಪ್‌ಟಾಪ್ ಹಿಡಿದು ಭಾಲ್ಕಿಯ ಬಸ್ಸು ಹತ್ತಿದರು. ಶಾಲೆಯ ಕೋಣೆಯಲ್ಲಿ ಮೂರು ಕಂಪ್ಯೂಟರಿಗೆ ಎಂಟು ಮಂದಿ ಕೂತಿದ್ದರು. ಕಾಜಲ ಒಂದು ಮೂಲೆಯಲ್ಲಿ, ಇನ್ನೂ ಪೂರ್ತಿ ನಂಬದವಳ ಹಾಗೆ. ಮುಂದಿನ ಬೆಂಚಿನಲ್ಲಿ ಬಟ್ಟೆ ಹೊಲಿಯುವ ಆಯೆಶಾ, ಹೆಗಲ ಮೇಲೆ ಅಳತೆಯ ಟೇಪು ಮರೆತು ಬಂದವಳು.

"ಮೇಡಂ, ನಾವು ಮಾಡಿದ್ದು ಕೆಟ್ಟರ ಏನ್ ಮಾಡೋದ್ರಿ?" ಪಾಠ ಶುರುವಾಗುವ ಮೊದಲೇ ಆಯೆಶಾ ಕೇಳಿದಳು. "ನಂಗ ಅದೊಂದೇ ಅಂಜಿಕಿ."

ವೃಂದಾ ಕಾಜಲಳ ಕಡೆ ಒಮ್ಮೆ ನೋಡಿದಳು. ಕಾಜಲ ಹೂಂ ಎಂಬಂತೆ ತಲೆಯಾಡಿಸಿದಳು. ವೃಂದಾ ಆ ಮಂಗಳವಾರದ ಕಥೆಯನ್ನು ಒಂದು ಸಾಲೂ ಬಿಡದೆ ಹೇಳಿದಳು. ಒಬ್ಬ ಹುಡುಗಿಯ ಬೀದರಿನ ಸೀಟು ಹೋದದ್ದನ್ನೂ ಹೇಳಿದಳು.

"ಅದಕ ಇವತ್ತು ಮಾಡೋದು ಕಲಿಸಂಗಿಲ್ಲ, ಹುಡುಕೋದು ಕಲಿಸ್ತೇನಿ. ನಿಮ್ಮ ಮುಂದ ಇರೋ ಪುಟ ನಾ ಬೇಕಂತಲೇ ಕೆಡಿಸಿ ತಂದೀನಿ. ಎಲ್ಲಿ ಕೆಟ್ಟದ ಅಂತ ನೀವೇ ಹೇಳ್ರಿ. ಟೈಮಿನ ಗಡಬಡಿ ಇಲ್ಲ."

ವಿಶಾಖಾ ಒಂದೊಂದು ಕಂಪ್ಯೂಟರಿನ ಬಳಿ ಹೋಗಿ ಒಳಭಾಗ ತೆರೆಯುವುದು ಹೇಗೆಂದು ತೋರಿಸಿದಳು. ಎಂಟು ತಲೆಗಳು ಮೂರು ಪರದೆಗಳ ಮೇಲೆ ಬಾಗಿದವು. ಐದು ನಿಮಿಷ, ಹತ್ತು ನಿಮಿಷ. ಯಾರೋ, "ಇದಲ್ಲ, ಇದರ ಕೆಳಗಿಂದು," ಎಂದರು. ಇನ್ಯಾರೋ, "ಸರಿ ಜರಾ," ಎಂದರು.

"ಸಿಕ್ತು!" ಆಯೆಶಾ ಬೆಂಚಿನಿಂದ ಎದ್ದೇ ನಿಂತಳು. "ಇಲ್ಲಿ ನೋಡ್ರಿ, ಒಂದು ಕಡಿ ತೆರೆದದ, ಮುಚ್ಚಿಲ್ಲ. ಹೊಲಿಗಿ ಹಾಕಿ ಗಂಟು ಹಾಕಿಲ್ಲ. ಅದಕ ಎಲ್ಲಾ ಬಿಚ್ಚಿಕೊಂಡದ!"

"ಹಾಕ್ರಿ ಮತ್ತ ಗಂಟು."

ಆಯೆಶಾ ಒಂದು ಬೆರಳಿನಿಂದ ಹುಡುಕಿ ಹುಡುಕಿ ಮೂರು ಅಕ್ಷರ ಒತ್ತಿದಳು. ಪುಟ ನೆಟ್ಟಗಾಯಿತು. ಅವಳು ಸುತ್ತಲಿನವರನ್ನೆಲ್ಲ ಒಮ್ಮೆ ನೋಡಿ, ಕುಳಿತುಕೊಂಡು, ಹೆಗಲ ಮೇಲಿನ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು.

"ಮುಂದಿನ ಐತವಾರ ನಾನೇ ಒಂದು ಕೆಡಿಸಿ ತರ್ತೇನಿ ಮೇಡಂ," ಎಂದಳು. "ನೀವು ಹುಡುಕ್ರಿ."

"ತರ್ರಿ," ಎಂದಳು ವೃಂದಾ. "ಜರಾ ಕಠಿಣೇ ಇರಲಿ."